ನಮ್ಮದೇ ಗದ್ದೆ, ಯಾರನ್ನು ಕೇಳಬೇಕು?

ಕಳೆದ ಮಳೆಗಾಲದಲ್ಲಿ ಒಂದು ಸಂಜೆ ನಮ್ಮ ಶಾಲೆಯ ಹಳೆ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಒಂದರಿಂದ ಏಳರವರೆಗೆ ನಮ್ಮಲ್ಲೇ ಕನ್ನಡದಲ್ಲಿ ಓದಿದವನು. ಈಗ ಮಂಗಳೂರಿನಲ್ಲಿ ಕೆಲಸ. ಚಾ ಕುಡಿಯುತ್ತಾ ಮೆಲ್ಲ ವಿಷಯ ತೆಗೆದ. ಅವರ ಬೈಲಿನ ಮೂರು ಗದ್ದೆ ಆರೇಳು ವರ್ಷಗಳಿಂದ ಹಡಿಲು ಬಿದ್ದಿದೆ. ಪೇಟೆಯ ಜೀಪು ಗೆಳೆಯರ ಗುಂಪೊಂದು ಅದನ್ನು ಎರಡು ದಿನಕ್ಕೆ ಬಾಡಿಗೆಗೆ ಕೇಳಿದೆ. ಕೆಸರಿನಲ್ಲಿ ಜೀಪು ಓಡಿಸುವ ಸ್ಪರ್ಧೆ ನಡೆಸುತ್ತಾರಂತೆ. ಒಂದು ಬೆಳೆಯಲ್ಲಿ ಸಿಗುವುದಕ್ಕಿಂತ ಹೆಚ್ಚು ಹಣ ಕೊಡುತ್ತಾರಂತೆ.

"ನಮ್ಮದೇ ಗದ್ದೆ ಅಲ್ವಾ ಮಾಷ್ಟ್ರೇ, ಯಾರನ್ನು ಕೇಳಬೇಕು?" ಎಂದ.

ಸಮಾಜ ವಿಜ್ಞಾನ ಕಲಿಸುವ ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. "ಎರಡು ದಿನ ತಡಿ" ಎಂದು ಕಳುಹಿಸಿದೆ. ಆ ಎರಡು ದಿನ ಎರಡು ವಾರವಾಯಿತು. ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥ ಪ್ರಶ್ನೆ ನಾಳೆ ನಿಮ್ಮ ಮನೆ ಬಾಗಿಲಿಗೂ ಬರಬಹುದು.

ಕೆಸರಿನಲ್ಲಿ ಓಟ ನಮಗೇನೂ ಹೊಸತಲ್ಲ. ಕಂಬಳವನ್ನು ನೋಡಿಯೇ ಬೆಳೆದವರು ನಾವು. ಹಳೆಯ ಕಂಬಳಗಳೆಲ್ಲ ಗುತ್ತು, ಬೀಡುಗಳ ದೊಡ್ಡ ಗದ್ದೆಯಲ್ಲಿ ನಡೆಯುತ್ತಿದ್ದವು. ಅಂದರೆ ಅದೂ ಖಾಸಗಿ ಭೂಮಿಯೇ. ಆದರೆ ಕೋಣಗಳು ಓಡಿದ ಮೇಲೆ ಆ ಗದ್ದೆಯಲ್ಲಿ ಬಿತ್ತನೆಯೋ ನಾಟಿಯೋ ಆಗಬೇಕಿತ್ತು. ಕಂಬಳದ ಓಟದ ವಿಭಾಗಗಳ ಹೆಸರನ್ನೇ ನೋಡಿ: ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ. ಹೆಚ್ಚಿನವು ಬೇಸಾಯದಿಂದಲೇ ಬಂದ ಹೆಸರುಗಳು. ಆಟ ಬೇಸಾಯದ ಒಳಗೇ ಇತ್ತು. (ಈಗಿನ ಜೋಡುಕರೆಗಳು ಓಟಕ್ಕೆಂದೇ ಕಟ್ಟಿದವು, ಅದು ಬೇರೆ ಮಾತು.)

ಮೋಟಾರು ಗಾಡಿ ಕೆಸರಿಗೆ ಇಳಿದ ಕಥೆ ಬೇರೆ. ಅದಕ್ಕೆ ಸ್ವಲ್ಪ ದೂರ ಹೋಗಬೇಕು.

ಇಂಗ್ಲೆಂಡಿನಲ್ಲಿ ಮೊದಲು ಗುಡ್ಡ ಹತ್ತುವ ಸ್ಪರ್ಧೆಗಳನ್ನು ಸಾರ್ವಜನಿಕ ರಸ್ತೆಯಲ್ಲೇ ನಡೆಸುತ್ತಿದ್ದರು. 1925ರಲ್ಲಿ ಕಾಪ್ ಹಿಲ್ ಎಂಬಲ್ಲಿ ನಡೆದ ಸ್ಪರ್ಧೆಯಲ್ಲಿ ಕಾರೊಂದು ಪ್ರೇಕ್ಷಕನಿಗೆ ಬಡಿದು ಗಾಯವಾಯಿತು. ಅಲ್ಲಿಗೆ ರಾಯಲ್ ಆಟೊಮೊಬೈಲ್ ಕ್ಲಬ್ ರಸ್ತೆಯ ಮೇಲಿನ ವೇಗದ ಸ್ಪರ್ಧೆಗಳಿಗೆ ಅನುಮತಿ ಕೊಡುವುದನ್ನೇ ನಿಲ್ಲಿಸಿತು. ಓಡಿಸುವ ಹುಚ್ಚು ಮಾತ್ರ ನಿಲ್ಲಲಿಲ್ಲ! ಅದಕ್ಕೆ ಬೇಕಾದದ್ದು ರಸ್ತೆಯಲ್ಲದ, ಯಾರಾದರೊಬ್ಬರ ಸ್ವಂತದ ಜಾಗ. ಎಸ್ಟೇಟುಗಳ ದಾರಿ, ರೈತರ ಹುಲ್ಲುಗಾವಲು, ಗುಡ್ಡೆಯ ಬದಿ ಹೀಗೆ ಆಟದ ಬಯಲಾದವು.

ಎರಡನೆಯ ಮಹಾಯುದ್ಧ ಮುಗಿದಾಗ ಇನ್ನೊಂದು ಬದಲಾವಣೆ ಬಂತು. ಯುದ್ಧಕ್ಕೆಂದು ಅಮೆರಿಕದ ಕಾರ್ಖಾನೆಗಳು ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಮಾಡಿದ್ದವು. ಯುದ್ಧ ಮುಗಿದ ಮೇಲೆ ಅವುಗಳಲ್ಲಿ ಎಷ್ಟೋ ರೈತರ ಕೈಗೆ ಬಂದವು. ವಿಲಿಸ್ ಕಂಪನಿ 1945ರಲ್ಲಿ ಸಾಮಾನ್ಯರಿಗೆ ಮಾರಲು ತೆಗೆದ ಜೀಪನ್ನು ಉಳುವ ಗಾಡಿ ಎಂದೇ ಪ್ರಚಾರ ಮಾಡಿತು. ಬ್ರಿಟನ್ನಿನ ರೋವರ್ ಕಂಪನಿಯ ಮಾರಿಸ್ ವಿಲ್ಕ್ಸ್ ತನ್ನ ಹೊಲದಲ್ಲಿ ಬಳಸುತ್ತಿದ್ದ ಹಳೆ ಜೀಪನ್ನು ನೋಡಿಯೇ ಲ್ಯಾಂಡ್ ರೋವರಿನ ಯೋಚನೆ ಮಾಡಿದ್ದು. ಅದು 1948ರಲ್ಲಿ ಹೊರಬಂತು. ನಮ್ಮಲ್ಲಿ ಮಹೀಂದ್ರಾದವರು ಅದೇ ದಶಕದ ಕೊನೆಗೆ ಜೀಪು ಜೋಡಿಸಲು ಶುರು ಮಾಡಿದರು. ಕೇರಳದ ಮಲೆನಾಡಿಗೆ ರಸ್ತೆ ಬರುವ ಮೊದಲೇ ಜೀಪು ಬಂದಿತ್ತು ಎಂದು ಹಿರಿಯರು ಹೇಳುವುದುಂಟು. ಬಾಳೆಗೊನೆ, ಬಾಣಂತಿ, ಹೆಣ, ಮದುವೆ ದಿಬ್ಬಣ ಎಲ್ಲವೂ ಅದರಲ್ಲೇ. ಅಂತೂ ನಾಲ್ಕೂ ಚಕ್ರ ಎಳೆಯುವ ಗಾಡಿ ಸೈನ್ಯದಿಂದ ಹೊಲಕ್ಕೆ ಬಂದು, ಆಮೇಲೆ ಆಟಕ್ಕೆ ಹೋಯಿತು.

ಅಮೆರಿಕದ ಫ್ಲಾರಿಡಾದಲ್ಲಿ ನೇಪಲ್ಸ್ ಎಂಬ ಊರಿದೆ. ಸುತ್ತ ಜೌಗು ನೆಲ. ಅಲ್ಲಿಯ ಬೇಟೆಗಾರರು ಜೌಗಿನಲ್ಲಿ ಓಡಾಡಲು ದೊಡ್ಡ ಚಕ್ರದ ವಿಚಿತ್ರ ಗಾಡಿಗಳನ್ನು ಮನೆಯಲ್ಲೇ ಕಟ್ಟಿಕೊಳ್ಳುತ್ತಿದ್ದರು. ಎಡ್ ಫ್ರ್ಯಾಂಕ್ ಎಂಬವನು ಇದರಲ್ಲಿ ಮೊದಲಿಗ ಎನ್ನುತ್ತಾರೆ. ಬೇಟೆಯ ಕಾಲ ಶುರುವಾಗುವ ಮುನ್ನ ಯಾರ ಗಾಡಿ ಗಟ್ಟಿ ಎಂದು ನೋಡಲು ಒಬ್ಬ ರೈತನ ಗೆಣಸಿನ ಹೊಲದಲ್ಲಿ ಸೇರಿ ಓಡಿಸುತ್ತಿದ್ದರು. ಅದೇ 1949ರಲ್ಲಿ ಕ್ರಮಬದ್ಧ ಸ್ಪರ್ಧೆಯಾಯಿತು. ಆ ಕೆಸರಿನ ಓಣಿಯಲ್ಲಿ ಒಂದು ಆಳದ ಗುಂಡಿಗೆ 'ಸಿಪ್ಪಿ ಗುಂಡಿ' ಎಂದೇ ಹೆಸರು. ಸಿಪ್ಪಿ ಎಂಬ ಅಡ್ಡಹೆಸರಿನ ಚಾಲಕನೊಬ್ಬ ಪ್ರತಿ ಸಲ ಅಲ್ಲೇ ಹೂತು ಹೋಗುತ್ತಿದ್ದನಂತೆ! ನಮ್ಮ ಮಕ್ಕಳಿಗೆ ಹೇಳಿದರೆ ಈ ಹೆಸರೊಂದು ಮರೆಯುವುದಿಲ್ಲ. ಆಟ ಬೆಳೆದಂತೆ ಅದಕ್ಕೆ ಬೇರೆಯೇ ಮೈದಾನ ಬೇಕಾಯಿತು. ಗೆಣಸಿನ ಹೊಲದಲ್ಲಿ ಅದು ಉಳಿಯಲಿಲ್ಲ.

ಬ್ರಿಟನ್ನಿನವರು ಇದಕ್ಕೊಂದು ಲೆಕ್ಕ ಇಟ್ಟರು. ರೈತ ತನ್ನ ಜಾಗವನ್ನು ಯೋಜನಾ ಅನುಮತಿ ಇಲ್ಲದೆ ತಾತ್ಕಾಲಿಕವಾಗಿ ಬೇರೆ ಕೆಲಸಕ್ಕೆ ಬಳಸಬಹುದಾದದ್ದು ವರ್ಷಕ್ಕೆ 28 ದಿನ. ಆದರೆ ಅದರಲ್ಲಿ ಮೋಟಾರು ಓಟಕ್ಕೆ 14 ದಿನ ಮಾತ್ರ. 1995ರ ಆದೇಶದಲ್ಲೂ 2015ರ ಆದೇಶದಲ್ಲೂ ಇದೇ ಲೆಕ್ಕ. ಜಾಗ ನಿನ್ನದೇ, ಆದರೆ ಸದ್ದು, ಜನಸಂದಣಿ, ಕೆಸರಾದ ರಸ್ತೆ ಇವು ನಿನ್ನೊಬ್ಬನದಲ್ಲ ಎಂಬುದು ಅದರ ಹಿಂದಿನ ತರ್ಕ.

ಇನ್ನು ನಮ್ಮ ಕೇರಳಕ್ಕೆ ಬರೋಣ. 2022ರ ಮೇ ತಿಂಗಳಲ್ಲಿ ಇಡುಕ್ಕಿ ಜಿಲ್ಲೆಯ ವಾಗಮಣ್‌ನ ಚಹಾ ತೋಟವೊಂದರಲ್ಲಿ ಇಂಥದೇ ಜೀಪು ಸವಾರಿ ನಡೆಯಿತು. ಹೆಸರಾಂತ ಸಿನೆಮಾ ನಟರೊಬ್ಬರು ಓಡಿಸಿದ ವೀಡಿಯೋ ಎಲ್ಲರ ಮೊಬೈಲಿಗೆ ಬಂತು. ನೀವೂ ನೋಡಿರಬಹುದು. ಅದು ಖಾಸಗಿ ತೋಟದ ಒಳಗೆ ನಡೆದದ್ದು ಎಂಬ ವಾದ ಬಂತು. ಆದರೂ ಮೋಟಾರು ವಾಹನ ಇಲಾಖೆ ದಂಡ ಹಾಕಿತು. ಇದರ ಜತೆಗೆ ಇನ್ನೊಂದು ದೂರು ಎದ್ದಿತು, ನನಗೆ ಮುಖ್ಯವಾಗಿ ಕಂಡದ್ದು ಅದು: ಚಹಾ ಬೆಳೆಯಲೆಂದು ಇರುವ ಭೂಮಿಯಲ್ಲಿ ಜೀಪು ಓಡಿಸುವುದು ಹೇಗೆ?

ಇದು ಅರ್ಥವಾಗಬೇಕಾದರೆ 1963ರ ಕೇರಳ ಭೂ ಸುಧಾರಣಾ ಕಾಯ್ದೆ ತಿಳಿಯಬೇಕು. ಒಂದು ಕುಟುಂಬ ಇಷ್ಟೇ ಎಕರೆ ಇಟ್ಟುಕೊಳ್ಳಬಹುದು ಎಂದು ಅದು ಮಿತಿ ಹಾಕಿತು. ಆದರೆ ಚಹಾ, ಕಾಫಿ, ರಬ್ಬರ್, ಏಲಕ್ಕಿ ಮುಂತಾದ ತೋಟಗಳನ್ನು ಆ ಮಿತಿಯಿಂದ ಹೊರಗಿಟ್ಟಿತು. ಸಾವಿರಾರು ಎಕರೆ ಒಬ್ಬರ ಕೈಯಲ್ಲಿ ಉಳಿದದ್ದು ಅದು ತೋಟ ಎಂಬ ಒಂದೇ ಕಾರಣಕ್ಕೆ. ತೋಟವಲ್ಲದ ಬಳಕೆ ಬಂದರೆ ವಿನಾಯಿತಿಯ ಬುಡವೇ ಅಲ್ಲಾಡುತ್ತದೆ. ತೋಟದ ಒಂದು ಸಣ್ಣ ಭಾಗವನ್ನು ಪ್ರವಾಸೋದ್ಯಮಕ್ಕೂ ಬಳಸಬಹುದು ಎಂಬ ತಿದ್ದುಪಡಿ 2012ರಲ್ಲಿ ಬಂತು ಎನ್ನುವುದು ನಿಜ. ಆದರೆ ಆ ಸಣ್ಣ ಭಾಗಕ್ಕೂ ಲೆಕ್ಕವಿದೆ.

"ಅದು ದೊಡ್ಡವರ ಎಸ್ಟೇಟಿನ ಮಾತು, ನಮ್ಮದು ಮೂರು ಗದ್ದೆ" ಎಂದ ನನ್ನ ಶಿಷ್ಯ, ಎರಡನೇ ಸಲ ಬಂದಾಗ. ಸರಿ, ಗದ್ದೆಯ ಮಾತಿಗೇ ಬರೋಣ ಎಂದೆ.

ನೆಲ್ಲಿನ ಗದ್ದೆ ಮತ್ತು ಜೌಗು ಭೂಮಿಯ ರಕ್ಷಣೆಗೆ ಕೇರಳದಲ್ಲಿ 2008ರಲ್ಲಿ ಕಾಯ್ದೆ ಬಂದಿದೆ. ಹಡಿಲು ಬಿದ್ದರೆ ಅದು ಗದ್ದೆಯಲ್ಲ ಎಂದು ನಮ್ಮವರು ಅಂದುಕೊಳ್ಳುತ್ತಾರೆ. ಕಾಯ್ದೆ ಹಾಗೆ ಹೇಳುವುದಿಲ್ಲ. ಬೇಸಾಯಕ್ಕೆ ಯೋಗ್ಯವಾಗಿದ್ದು ಪಾಳು ಬಿಟ್ಟದ್ದೂ ಅದರ ಪ್ರಕಾರ ಗದ್ದೆಯೇ. ಸಾಧಾರಣ ಉಪಾಯದಿಂದ ಮತ್ತೆ ನೆಲ್ಲು ಬೆಳೆಯಲಾಗದಂತೆ ಅದನ್ನು ಮಾರ್ಪಡಿಸುವುದೇ ತಪ್ಪು. ಎರಡು ದಿನ ಜೀಪು ಓಡಿದರೆ ಹಾಗಾಗುತ್ತದೆಯೇ? ಬರೀ ಓಡಿದರೆ ಆಗಲಿಕ್ಕಿಲ್ಲ. ಆದರೆ ಜೆಸಿಬಿ ತಂದು ಗುಂಡಿ ತೋಡಿ, ಹುಣಿ ಕಡಿದು, ಗುಡ್ಡೆಯ ಮಣ್ಣು ತಂದು ದಿಬ್ಬ ಹಾಕಿದರೆ?

ಇಲ್ಲಿ ಮಣ್ಣಿನ ವಿಷಯವೂ ಒಂದಿದೆ. ನೂರಾರು ವರ್ಷ ಕೆಸರು ಮಾಡಿ ಉತ್ತ ಗದ್ದೆಯಲ್ಲಿ, ಒಂದು ಗೇಣು ಕೆಳಗೆ ಗಟ್ಟಿ ಪದರ ಕಟ್ಟಿರುತ್ತದೆ. ಗದ್ದೆಯಲ್ಲಿ ನೀರು ನಿಲ್ಲುವುದು ಅದರಿಂದಲೇ. ಕೋಣದ ಗೊರಸು ಮೇಲಿನ ಕೆಸರನ್ನು ಕಲಸುತ್ತದೆ, ಅಡಿಯ ಪದರವನ್ನು ಕಟ್ಟುತ್ತದೆ. ಒಂದೂವರೆ ಟನ್ನಿಗೂ ಮಿಕ್ಕಿದ ಜೀಪು ಒಂದೇ ಜಾಗದಲ್ಲಿ ಚಕ್ರ ತಿರುಗಿಸಿ ಹೂತರೆ ಆ ಪದರ ಹರಿದು ಹೋಗುತ್ತದೆ. ಆಮೇಲೆ ನೀರು ಇಂಗಿ ಹೋಗುತ್ತದೆ. ಹೀಗೆ ಒಡೆದದ್ದು ಮತ್ತೆ ಕಟ್ಟಲು ಕೆಲವು ವರ್ಷಗಳ ಉಳುಮೆ ಬೇಕು.

ಅಪಘಾತವಾದರೆ ಏನು ಎಂದೂ ಕೇಳಿದೆ. 1988ರ ಮೋಟಾರು ವಾಹನ ಕಾಯ್ದೆಯ 189ನೇ ಕಲಮು ಸಾರ್ವಜನಿಕ ಸ್ಥಳದಲ್ಲಿ ಸರಕಾರದ ಒಪ್ಪಿಗೆ ಇಲ್ಲದ ಓಟಕ್ಕೆ ಶಿಕ್ಷೆ ಹೇಳುತ್ತದೆ. 2019ರ ತಿದ್ದುಪಡಿಯ ಬಳಿಕ ಮೊದಲ ತಪ್ಪಿಗೆ ದಂಡ 5,000 ರೂಪಾಯಿವರೆಗೆ, ಜೈಲು ಮೂರು ತಿಂಗಳವರೆಗೆ. ಗದ್ದೆ ಸಾರ್ವಜನಿಕ ಸ್ಥಳವಲ್ಲ ಎನ್ನಬಹುದು. ಆದರೆ ಟಿಕೆಟು ಮಾಡಿ ಊರನ್ನೆಲ್ಲ ಕರೆದ ಮೇಲೆ ಆ ಮಾತು ಎಷ್ಟು ನಿಲ್ಲುತ್ತದೆ? ನಮ್ಮ ಗಾಡಿಗಳ ಸಾಮಾನ್ಯ ವಿಮೆಯಂತೂ ಸ್ಪರ್ಧೆಯಲ್ಲಿ ಓಡಿಸಿದರೆ ಅನ್ವಯಿಸುವುದಿಲ್ಲ ಎಂದು ಪಾಲಿಸಿಯಲ್ಲೇ ಬರೆದಿರುತ್ತದೆ. ಜೀಪು ಗುಂಪಿನವರು ಇದನ್ನೆಲ್ಲ ಅವನಿಗೆ ಹೇಳಿರಲಿಲ್ಲ.

ಮೂರನೇ ಸಲ ಬರುವಾಗ ಅವನು ಒಂದು ಪ್ಲಾಸ್ಟಿಕ್ ತೊಟ್ಟೆ ತಂದಿದ್ದ. ಒಳಗೆ ಅಜ್ಜನ ಹೆಸರಿನ ಕ್ರಯ ಸರ್ಟಿಫಿಕೇಟು, ಲ್ಯಾಂಡ್ ಟ್ರಿಬ್ಯೂನಲಿನದು. ನಮ್ಮ ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರುವ ಮೊದಲು ದಕ್ಷಿಣ ಕನ್ನಡದ ತಾಲೂಕು. ಇಲ್ಲಿ ನಡೆಯುತ್ತಿದ್ದದ್ದು ಮೂಲಗೇಣಿ, ಚಾಲಗೇಣಿ. ಅಜ್ಜ ಚಾಲಗೇಣಿ ಒಕ್ಕಲು. ಧನಿಗಳು ಬಿಡು ಎಂದರೆ ಗದ್ದೆ ಬಿಟ್ಟು ಹೋಗಬೇಕಾದವರು. 1970ರ ಜನವರಿ 1ರಿಂದ ಗೇಣಿ ಪದ್ಧತಿ ರದ್ದಾಯಿತು, ಅರ್ಜಿ ಕೊಟ್ಟು ಟ್ರಿಬ್ಯೂನಲಿಗೆ ಅಲೆದು ಅಜ್ಜ ಈ ಕಾಗದ ಪಡೆದರು. ಉಳುವವನಿಗೆ ಭೂಮಿ ಎಂದು ಕೊಟ್ಟ ಕಾಗದ ಅದು. "ನಮ್ಮದೇ ಗದ್ದೆ" ಎಂದು ಅವನು ಹೇಳಿದ ಮಾತಿನ ಆಧಾರ ಈ ಹಾಳೆಯೇ. ವಾಗಮಣ್‌ನ ಎಸ್ಟೇಟಿಗೆ ವಿನಾಯಿತಿ ಕೊಟ್ಟ ಕಾಯ್ದೆಯೂ, ಈ ಮೂರು ಗದ್ದೆ ಅಜ್ಜನಿಗೆ ಕೊಟ್ಟ ಕಾಯ್ದೆಯೂ ಒಂದೇ. ಅದನ್ನು ಹೇಳಿದಾಗ ಅವನು ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಕನ್ನಡ ಶಾಲೆಯಲ್ಲಿ ಓದಿದ್ದರಿಂದ ಆ ಮಲಯಾಳ ಕಾಗದವನ್ನು ಅವನು ಅದುವರೆಗೆ ಓದಿರಲೇ ಇಲ್ಲ.

ಜೀಪಿನವರಿಗೆ ಆಗುವುದಿಲ್ಲ ಎಂದು ಫೋನು ಮಾಡಿದನಂತೆ. ಆಟಿ ತಿಂಗಳ ಒಂದು ಆದಿತ್ಯವಾರ ನಮ್ಮ ಶಾಲೆಯ 'ಕೆಸರ್ಡ್ ಒಂಜಿ ದಿನ'ಕ್ಕೆ ಆ ಗದ್ದೆ ಕೊಟ್ಟ. ಹಗ್ಗ ಜಗ್ಗಾಟ, ಹಾಳೆ ಎಳೆಯುವ ಓಟ, ಮಕ್ಕಳ ಮೈಯೆಲ್ಲ ಕೆಸರು. ಕೃಷಿ ಭವನದ ಅಧಿಕಾರಿಯೂ ಬಂದಿದ್ದರು. ಹಡಿಲು ಗದ್ದೆಯಲ್ಲಿ ಬೇಸಾಯ ಮಾಡಿಸಲು ಪಂಚಾಯತು ಮಟ್ಟದ ಸಮಿತಿಗೆ ಅದೇ 2008ರ ಕಾಯ್ದೆಯಲ್ಲಿ ಅಧಿಕಾರವಿದೆ, ಅವರೇ ಅದರ ಸಂಚಾಲಕರು. ಊಟದ ಹೊತ್ತಿಗೆ ಹುಣಿಯ ಮೇಲೆ ನಿಂತು ಅವರು ಅವನನ್ನು ಕೇಳಿದರು, "ಇಷ್ಟು ಒಳ್ಳೆ ಕೆಸರಾಗಿದೆಯಲ್ಲ, ನೇಜಿ ಯಾವಾಗ ಹಾಕುತ್ತೀರಿ?"

ಅವನು ನನ್ನ ಮುಖ ನೋಡಿದ.