ನೇಕಾರರ ಊರಿನ ನೂರು ಕಂಠಗಳು

ಇಂಗ್ಲೆಂಡಿನ ಉತ್ತರ ಭಾಗದ ಯಾರ್ಕ್‌ಷೈರ್‌ನಲ್ಲಿ ಹಡರ್ಸ್‌ಫೀಲ್ಡ್ ಎಂಬ ಊರಿದೆ. ಉಣ್ಣೆ ಬಟ್ಟೆಯ ನೇಯ್ಗೆಗೆ ಅದು ಹೆಸರುವಾಸಿ. 1836ರ ಜೂನ್ 7ರಂದು ಅಲ್ಲಿನ ‘ಪ್ಲೌ ಇನ್’ ಎಂಬ ಪಾನಗೃಹದಲ್ಲಿ ಹದಿನಾರು ಮಂದಿ ಸಭೆ ಸೇರಿದರು. ತಿಂಗಳಿಗೊಮ್ಮೆ ಎಲ್ಲರೂ ಕೂಡಿ ಹಾಡಬೇಕೆಂಬುದು ಅವರ ತೀರ್ಮಾನ. ಬೀದಿದೀಪಗಳು ವಿರಳವಾಗಿದ್ದ ಕಾಲ ಅದು. ದೂರದ ಹಳ್ಳಿಗಳಿಗೆ ಬೆಟ್ಟದ ದಾರಿಯಲ್ಲಿ ನಡೆದು ಮರಳುವವರಿಗೆ ಬೆಳದಿಂಗಳಿರಲೆಂದು ಹುಣ್ಣಿಮೆಯ ಆಸುಪಾಸಿನ ಶುಕ್ರವಾರವನ್ನು ಗೊತ್ತುಮಾಡಿಕೊಂಡರು. ಹಾಡಿದವರಿಗೆ ಬ್ರೆಡ್ಡು, ಚೀಸು, ಒಂದಷ್ಟು ಬಿಯರು. ಹೀಗೆ ಆರಂಭವಾದ ‘ಹಡರ್ಸ್‌ಫೀಲ್ಡ್ ಕೋರಲ್ ಸೊಸೈಟಿ’ ಇಂದು ಜಗತ್ತಿನ ಹೆಸರಾಂತ ಹವ್ಯಾಸಿ ವೃಂದಗಾನ ಮಂಡಳಿಗಳಲ್ಲಿ ಒಂದು.

ನಮ್ಮ ಭಜನೆಯಲ್ಲಿ ಒಬ್ಬರು ಹೇಳಿಕೊಟ್ಟ ಸಾಲನ್ನು ಉಳಿದವರು ಅದೇ ಧಾಟಿಯಲ್ಲಿ ಹಿಂಬಾಲಿಸುತ್ತಾರೆ. ಪಾಶ್ಚಾತ್ಯ ವೃಂದಗಾನದ ರೀತಿ ಬೇರೆ. ಅಲ್ಲಿ ಹೆಂಗಸರ ಎತ್ತರದ ಮತ್ತು ತಗ್ಗಿನ ದನಿ, ಗಂಡಸರ ಎತ್ತರದ ಮತ್ತು ತಗ್ಗಿನ ದನಿ ಎಂದು ಸಾಮಾನ್ಯವಾಗಿ ನಾಲ್ಕು ಗುಂಪುಗಳಿರುತ್ತವೆ. ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂದು ಅವುಗಳ ಹೆಸರು. ನಾಲ್ಕೂ ಗುಂಪುಗಳು ಏಕಕಾಲಕ್ಕೆ ಬೇರೆ ಬೇರೆ ಸ್ವರಗಳನ್ನು ಹಾಡುತ್ತವೆ. ಹ್ಯಾಂಡೆಲ್‌ನ ‘ಮೆಸಾಯ’ದಂತಹ ಒರೆಟೋರಿಯೊ, ಅಂದರೆ ವೇಷ ಮತ್ತು ಅಭಿನಯವಿಲ್ಲದೆ ಧರ್ಮಗ್ರಂಥದ ವಸ್ತುವನ್ನು ಹಾಡಿನಲ್ಲೇ ನಿರೂಪಿಸುವ ಕೃತಿ, ಎರಡು ಗಂಟೆಗೂ ಹೆಚ್ಚು ನಡೆಯುತ್ತದೆ. ಇಷ್ಟನ್ನೂ ಕೇಳಿ ಬಾಯಿಪಾಠ ಮಾಡುವುದು ಕಷ್ಟ. ಸ್ವರಲಿಪಿ ಓದಲು ಬರಲೇಬೇಕು. ಹಗಲೆಲ್ಲ ಗಿರಣಿಯಲ್ಲಿ ದುಡಿಯುವವರು ಅದನ್ನು ಕಲಿಯುವುದು ಯಾವಾಗ, ಪುಸ್ತಕ ಕೊಳ್ಳುವುದು ಹೇಗೆ?

ಈ ಎರಡು ಪ್ರಶ್ನೆಗಳಿಗೂ ಆ ಶತಮಾನವೇ ಉತ್ತರ ಕಂಡುಕೊಂಡಿತು. ನಾರಿಚ್ ನಗರದ ಸಾರಾ ಗ್ಲೋವರ್ ಎಂಬ ಶಿಕ್ಷಕಿ, ಮಕ್ಕಳಿಗೆ ಹಾಡು ಕಲಿಸಲು ಐದು ಗೆರೆಗಳ ಕ್ಲಿಷ್ಟ ಲಿಪಿಯ ಬದಲು ಅಕ್ಷರಗಳ ಸರಳ ಪದ್ಧತಿಯೊಂದನ್ನು ರೂಪಿಸಿದ್ದಳು. 1841ರಲ್ಲಿ ಅದನ್ನು ಕೈಗೆತ್ತಿಕೊಂಡ ಪಾದ್ರಿ ಜಾನ್ ಕರ್ವೆನ್, ಪರಿಷ್ಕರಿಸಿ ‘ಟಾನಿಕ್ ಸೋಲ್ಫಾ’ ಎಂಬ ಹೆಸರಿನಲ್ಲಿ ನಾಡಿಗೆಲ್ಲ ಹರಡಿದ. ನಮಗೆ ಇದು ಅಪರಿಚಿತವೆನಿಸದು. ಶ್ರುತಿ ಯಾವುದೇ ಇರಲಿ, ನಮ್ಮಲ್ಲಿ ಆಧಾರ ಸ್ವರ ಷಡ್ಜವೇ. ಅಲ್ಲಿಯೂ ಅಷ್ಟೆ, ಹಾಡಿನ ಆಧಾರ ಸ್ವರ ಯಾವುದಿದ್ದರೂ ಅದಕ್ಕೆ ‘ಡೊ’ ಎಂದೇ ಹೆಸರು. ಪುಸ್ತಕದ ಸಮಸ್ಯೆಗೆ ಪ್ರಕಾಶಕರು ಉತ್ತರ ಕೊಟ್ಟರು. ನೊವೆಲ್ಲೊ ಸಂಸ್ಥೆ 1840ರ ದಶಕದಲ್ಲಿ ‘ಮೆಸಾಯ’ವನ್ನು ಕಂತುಕಂತಾಗಿ, ಕಂತಿಗೆ ಆರು ಪೆನ್ಸಿನಂತೆ ಮಾರತೊಡಗಿತು.

ಈ ಕಲಿಕೆಯ ಫಲಕ್ಕೆ ಹೆನ್ರಿ ಕವರ್ಡ್‌ನ ಬದುಕೇ ನಿದರ್ಶನ. ಬಾಲ್ಯದಲ್ಲಿ ಶೆಫೀಲ್ಡ್‌ನಲ್ಲಿ ಚೂರಿ, ಕತ್ತರಿ ಮಾಡುವ ಕೆಲಸಕ್ಕೆ ಸೇರಿದ್ದ ಆತ, ಸೋಲ್ಫಾದ ಮೂಲಕ ಸಂಗೀತ ಕಲಿತು, 1901ರಲ್ಲಿ ಹಡರ್ಸ್‌ಫೀಲ್ಡ್ ಮಂಡಳಿಯ ನಿರ್ದೇಶಕನಾದ. ಮಂಡಳಿಯ ಆರಂಭದ ದಿನಗಳ ಖ್ಯಾತ ಗಾಯಕಿ ಸೂಸನ್ ಸಂಡರ್‌ಲ್ಯಾಂಡ್ ತೋಟದ ಮಾಲಿಯ ಮಗಳು. ಆಕೆಯ ಪ್ರತಿಭೆಯನ್ನು ಗುರುತಿಸಿ ಪಾಠ ಹೇಳಿದವನು ಊರಿನ ಕಮ್ಮಾರ.

ಹಾಗೆಂದು ಬಾಗಿಲು ಎಲ್ಲರಿಗೂ ತೆರೆದಿತ್ತೆಂದು ಭಾವಿಸಬೇಕಿಲ್ಲ. ರಾಬರ್ಟ್ ಓವೆನ್‌ನ ಸಮಾಜವಾದಿ ಅನುಯಾಯಿಗಳು ಆ ಊರಿನಲ್ಲಿ ‘ಹಾಲ್ ಆಫ್ ಸೈನ್ಸ್’ ಎಂಬ ಸಭಾಭವನ ನಡೆಸುತ್ತಿದ್ದರು. ಅಲ್ಲಿಗೆ ಹೋಗಿಬರುವವರಿಗೆ ಸದಸ್ಯತ್ವವಿಲ್ಲವೆಂದು ಮಂಡಳಿ 1842ರಲ್ಲಿ ನಿಯಮ ಮಾಡಿತು. ಗ್ರಂಥಪಾಲಕ ತಿಳಿದೂ ತಿಳಿದೂ ಸಮಾಜವಾದಿಗೆ ಸಂಗೀತ ಪುಸ್ತಕ ಎರವಲು ಕೊಡುವುದಕ್ಕೂ ನಿಷೇಧ! ದನಿ ಚೆನ್ನಾಗಿದ್ದರೆ ಸಾಲದು, ವಿಚಾರವೂ ಒಪ್ಪಿಗೆಯಾಗಬೇಕಿತ್ತು.

1881ರಲ್ಲಿ ಪುರಭವನ ತೆರೆದ ಮೇಲೆ ಮಂಡಳಿಗೆ ದೊಡ್ಡ ವೇದಿಕೆ ದೊರೆಯಿತು. ಕ್ರಿಸ್‌ಮಸ್ ವೇಳೆಗೆ ‘ಮೆಸಾಯ’ ಹಾಡುವುದು ಊರಿನ ಸಂಪ್ರದಾಯವೇ ಆಯಿತು. ಶತಮಾನೋತ್ಸವಕ್ಕಾಗಿ ವಾನ್ ವಿಲಿಯಮ್ಸ್ ರಚಿಸಿದ ‘ಡೋನಾ ನೋಬಿಸ್ ಪಾಚೆಮ್’ (ನಮಗೆ ಶಾಂತಿ ಕೊಡು ಎಂದರ್ಥ) 1936ರ ಅಕ್ಟೋಬರ್ 2ರಂದು ಅಲ್ಲಿಯೇ ಮೊದಲ ಬಾರಿಗೆ ಕೇಳಿಬಂತು. ಮೊದಲ ಮಹಾಯುದ್ಧವನ್ನು ಕಣ್ಣಾರೆ ಕಂಡಿದ್ದ ಸಂಗೀತಕಾರನ ಕೃತಿ ಅದು. ಮೂರೇ ವರ್ಷಗಳಲ್ಲಿ ಎರಡನೆಯ ಯುದ್ಧ ಬಂತು. ಆ ಯುದ್ಧ ಮುಗಿದ 1945ರಲ್ಲಿ ಎಲ್ಗರ್‌ನ ‘ಡ್ರೀಮ್ ಆಫ್ ಜೆರಾಂಟಿಯಸ್’ ಮೊದಲ ಬಾರಿಗೆ ಪೂರ್ಣವಾಗಿ ಧ್ವನಿಮುದ್ರಣಗೊಂಡಾಗಲೂ ಹಾಡಿದವರು ಇವರೇ.

ಇಂತಹ ಮಂಡಳಿಯಲ್ಲಿ ಒಳ್ಳೆಯ ಕಂಠದಷ್ಟೇ ಮುಖ್ಯವಾದುದು ಒಳ್ಳೆಯ ಕಿವಿ. ಪಕ್ಕದವರ ದನಿ ತನಗೆ ಕೇಳದಿದ್ದರೆ ತನ್ನದು ಹೆಚ್ಚಾಯಿತೆಂದೇ ಲೆಕ್ಕ. ದೀರ್ಘ ಸ್ವರವೊಂದನ್ನು ಹಿಡಿದಾಗ ಎಲ್ಲರೂ ಒಟ್ಟಿಗೆ ಉಸಿರು ತೆಗೆದುಕೊಳ್ಳುವಂತಿಲ್ಲ. ಒಬ್ಬರು ನಿಲ್ಲಿಸಿದಾಗ ಮತ್ತೊಬ್ಬರು ಮುಂದುವರಿಸಬೇಕು. ಕೇಳುವವರಿಗೆ ಸ್ವರ ಎಲ್ಲಿಯೂ ತುಂಡಾಗುವುದಿಲ್ಲ.

2020ರಲ್ಲಿ ಕೋವಿಡ್ ಬಂದಾಗ ಈ ಉಸಿರೇ ಅಪಾಯದ ಮೂಲವಾಯಿತು. ಕೂಡಿ ಹಾಡುವುದು ನಿಂತಿತು. ಆಗ ಆ ಸೀಮೆಯವನೇ ಆದ ಬ್ರಿಟನ್ನಿನ ಆಸ್ಥಾನಕವಿ ಸೈಮನ್ ಆರ್ಮಿಟೇಜ್, ನಿಮ್ಮ ಮನಸ್ಸಿನಲ್ಲಿರುವುದನ್ನು ಒಂದೊಂದೇ ಪದದಲ್ಲಿ ಬರೆದು ಕಳಿಸಿ ಎಂದು ಸದಸ್ಯರನ್ನು ಕೇಳಿದ. ಅವುಗಳ ನೆರವಿನಿಂದ ಹುಟ್ಟಿದ ಗೀತೆಯನ್ನು ಸದಸ್ಯರು ಅವರವರ ಮನೆಯಲ್ಲಿ ಒಬ್ಬೊಬ್ಬರೇ ಹಾಡಿದರು, ನಂತರ ದನಿಗಳನ್ನು ಜೋಡಿಸಲಾಯಿತು. ಅಂದು ಬೆಳದಿಂಗಳಲ್ಲಿ ಮೈಲುಗಟ್ಟಲೆ ನಡೆದು ಬಂದವರ ಊರಿನ ಜನ, ಕೂಡಿ ಹಾಡುವ ದಾರಿಯನ್ನು ಈ ಸಲವೂ ಹುಡುಕಿಕೊಂಡಿದ್ದರು.