ಗೃಹಬಳಕೆಯ ಯುಪಿಎಸ್ ಮತ್ತು ಇನ್ವರ್ಟರ್

ಗೃಹಬಳಕೆಯ ಯುಪಿಎಸ್ ಮತ್ತು ಇನ್ವರ್ಟರ್‌ಗಳು ವಿದ್ಯುತ್ ಸರಬರಾಜು ನಿಂತಾಗ ಬ್ಯಾಟರಿಯಲ್ಲಿ ಸಂಗ್ರಹವಾದ ಶಕ್ತಿಯಿಂದ ಮನೆಯ ದೀಪ, ಫ್ಯಾನ್, ದೂರದರ್ಶನ, ಗಣಕಯಂತ್ರ, ಅಂತರಜಾಲದ ರೂಟರ್ ಮುಂತಾದ ಉಪಕರಣಗಳನ್ನು ನಡೆಸುವ ಸಾಧನಗಳಾಗಿವೆ. ಸರಬರಾಜು ಇರುವಾಗ ಪರ್ಯಾಯ ವಿದ್ಯುತ್ತನ್ನು ನೇರ ವಿದ್ಯುತ್ತಾಗಿ ಬದಲಾಯಿಸಿ ಬ್ಯಾಟರಿಯನ್ನು ತುಂಬುವುದು, ಸರಬರಾಜು ಹೋದಾಗ ಬ್ಯಾಟರಿಯ ನೇರ ವಿದ್ಯುತ್ತನ್ನು ಮರಳಿ 230 ವೋಲ್ಟ್, 50 ಹರ್ಟ್ಸ್‌ನ ಪರ್ಯಾಯ ವಿದ್ಯುತ್ತಾಗಿ ಮಾರ್ಪಡಿಸುವುದು ಇವುಗಳ ಕೆಲಸ. ಆಡುಮಾತಿನಲ್ಲಿ ಇಡೀ ಮನೆಗೆ ಅಳವಡಿಸುವುದನ್ನು ‘ಇನ್ವರ್ಟರ್’ ಎಂದೂ ಗಣಕಯಂತ್ರದ ಪಕ್ಕದಲ್ಲಿಡುವ ಸಣ್ಣ ಪೆಟ್ಟಿಗೆಯನ್ನು ‘ಯುಪಿಎಸ್’ ಎಂದೂ ಕರೆಯುತ್ತಾರೆ.

ಕರೆಂಟು ಎಷ್ಟು ಹೊತ್ತು ಹೋಗುತ್ತದೆ ಎಂಬುದನ್ನು ಮಾತ್ರ ಲೆಕ್ಕ ಹಾಕಿ ಇಂಥ ಸಾಧನವನ್ನು ಕೊಳ್ಳುವುದು ವಾಡಿಕೆ. ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯಂತಹ ಬಯಲುಸೀಮೆಯ ಊರುಗಳಲ್ಲಿ ಈ ಲೆಕ್ಕ ಅರ್ಧ ಮಾತ್ರ ಸರಿ. ಬಂದ ಕರೆಂಟು ಬ್ಯಾಟರಿ ತುಂಬುವಷ್ಟು ಹೊತ್ತು, ತುಂಬುವಷ್ಟು ವೋಲ್ಟೇಜಿನಲ್ಲಿ ಇರುತ್ತದೆಯೇ ಎಂಬುದು ಉಳಿದರ್ಧ.

ಹಿನ್ನೆಲೆ

ಕರ್ನಾಟಕದ ವಿದ್ಯುತ್ ಇತಿಹಾಸವು 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದಾಗ ಆರಂಭವಾಯಿತು. ಮೂರು ವರ್ಷಗಳ ನಂತರ ಬೆಂಗಳೂರಿನಲ್ಲಿ ವಿದ್ಯುತ್ ದೀಪಗಳು ಬೆಳಗಿದವು. 1960ರ ದಶಕದಲ್ಲಿ ಶರಾವತಿ ಯೋಜನೆ ಬಂದ ಮೇಲೂ ರಾಜ್ಯವು ಬಹುಕಾಲ ಜಲವಿದ್ಯುತ್ತನ್ನೇ ನೆಚ್ಚಿಕೊಂಡಿತ್ತು. 1985ರಲ್ಲಿ ರಾಯಚೂರು ಉಷ್ಣ ವಿದ್ಯುತ್ ಸ್ಥಾವರದ ಮೊದಲ ಘಟಕ ಕಾರ್ಯಾರಂಭ ಮಾಡುವವರೆಗೆ, ಮಳೆ ಕೈಕೊಟ್ಟ ವರ್ಷ ವಿದ್ಯುತ್ ಕಡಿತವೂ ಖಚಿತ ಎಂಬ ಸ್ಥಿತಿಯಿತ್ತು. ಮಳೆಯ ನಂಟು ಈಗಲೂ ಪೂರ್ತಿ ತಪ್ಪಿಲ್ಲ. 2023ರ ಬರಗಾಲದಲ್ಲಿ ಪಂಪ್‌ಸೆಟ್ಟುಗಳ ಬೇಡಿಕೆ ಏರಿ, ಅಕ್ಟೋಬರಿನಲ್ಲಿ ಗ್ರಾಮೀಣ ಪ್ರದೇಶಗಳು ಮತ್ತೆ ಕಡಿತವನ್ನು ಕಂಡವು.

ಚಿತ್ರದುರ್ಗ ಜಿಲ್ಲೆಗೆ ವಿದ್ಯುತ್ ವಿತರಿಸುವುದು ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿ, ಅಂದರೆ ಬೆಸ್ಕಾಂ. ಜಿಲ್ಲೆಯ ಗುಡ್ಡಸಾಲುಗಳ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿವೆ. ಅವು ಉತ್ಪಾದಿಸುವ ವಿದ್ಯುತ್ತು ರಾಜ್ಯದ ಜಾಲಕ್ಕೆ ಸೇರುತ್ತದೆಯೇ ಹೊರತು ಕೆಳಗಿನ ಊರಿಗೆ ನೇರವಾಗಿ ಇಳಿಯುವುದಿಲ್ಲ. ಹೀಗಾಗಿ ಗಾಳಿಯಂತ್ರದ ಬುಡದಲ್ಲಿರುವ ಮನೆಯಲ್ಲೂ ಇನ್ವರ್ಟರ್ ಇರುವುದರಲ್ಲಿ ಆಶ್ಚರ್ಯವಿಲ್ಲ.

ಕೃಷಿ ಪಂಪ್‌ಸೆಟ್ಟುಗಳಿಗೆ ದಿನದ ಗೊತ್ತಾದ ಗಂಟೆಗಳಲ್ಲಿ ಮಾತ್ರ ಮೂರು ಫೇಸ್ ವಿದ್ಯುತ್ ಕೊಡುವ ಪದ್ಧತಿಯಿದೆ. ಊರಿನ ಮನೆಗಳಿಗೂ ಪಂಪ್‌ಸೆಟ್ಟುಗಳಿಗೂ ಬೇರೆ ಬೇರೆ ಫೀಡರ್ ಒದಗಿಸುವುದಕ್ಕಾಗಿ ರಾಜ್ಯದಲ್ಲಿ ನಿರಂತರ ಜ್ಯೋತಿ ಯೋಜನೆಯನ್ನು ಕೈಗೊಳ್ಳಲಾಯಿತು. ಊರೊಳಗಿನ ಮನೆಗೆ ಇದರಿಂದ ಅನುಕೂಲವಾದರೂ ಪಂಪ್‌ಸೆಟ್ ಫೀಡರಿನಲ್ಲೇ ಉಳಿದ ತೋಟದ ಮನೆಯ ಪಾಡು ಬೇರೆ. ಅಲ್ಲಿ ಉಳಿದ ಹೊತ್ತು ಸಿಂಗಲ್ ಫೇಸ್ ಕರೆಂಟು ಬಂದರೂ, ಅದರಲ್ಲೇ ಕಂಡೆನ್ಸರ್ ಹಾಕಿ ಮೋಟರ್ ಓಡಿಸುವವರು ಹೆಚ್ಚಾದಂತೆ ವೋಲ್ಟೇಜು ಕುಸಿಯುತ್ತದೆ. ಆಳದ ಕೊಳವೆಬಾವಿಗಳಿಂದ ಅಡಿಕೆ, ತೆಂಗಿಗೆ ನೀರೆತ್ತುವ ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಭಾಗಗಳಲ್ಲಿ ಬೇಸಿಗೆಯಲ್ಲಿ ಇದು ಪರಿಚಿತ ದೃಶ್ಯ.

ಬಗೆಗಳು

ಗಣಕಯಂತ್ರಕ್ಕೆ ಬಳಸುವ ಯುಪಿಎಸ್‌ಗಳಲ್ಲಿ ಮೂರು ಬಗೆಗಳಿವೆ. ಆಫ್‌ಲೈನ್ ಬಗೆಯು ಕರೆಂಟು ಹೋದೊಡನೆ ಕೆಲವು ಮಿಲಿಸೆಕೆಂಡುಗಳಲ್ಲಿ ಬ್ಯಾಟರಿಗೆ ಹೊರಳುತ್ತದೆ. ಲೈನ್ ಇಂಟರ್‌ಆ್ಯಕ್ಟಿವ್ ಬಗೆಯಲ್ಲಿ ಇದರ ಜೊತೆಗೆ ವೋಲ್ಟೇಜನ್ನು ತಕ್ಕಮಟ್ಟಿಗೆ ಏರಿಳಿಸುವ ಟ್ರಾನ್ಸ್‌ಫಾರ್ಮರ್ ಇರುವುದರಿಂದ, ಸಣ್ಣ ಏರುಪೇರಿಗೆಲ್ಲ ಬ್ಯಾಟರಿಯನ್ನು ಬಳಸಬೇಕಾಗುವುದಿಲ್ಲ. ಆನ್‌ಲೈನ್ ಬಗೆಯಲ್ಲಿ ವಿದ್ಯುತ್ತು ಸದಾ ಎರಡು ಬಾರಿ ಪರಿವರ್ತನೆಗೊಂಡೇ ಹೊರಬರುವುದರಿಂದ ಹೊರಳುವ ಅವಧಿಯೇ ಇಲ್ಲ, ಬೆಲೆ ಹೆಚ್ಚು. ಆಸ್ಪತ್ರೆ, ಬ್ಯಾಂಕುಗಳಿಗೆ ಅದು ಸರಿ, ಮನೆಗೆ ಸಾಮಾನ್ಯವಾಗಿ ಅನಗತ್ಯ.

ಮನೆಯ ಇನ್ವರ್ಟರಿನಲ್ಲಿ ಮುಖ್ಯ ಭೇದವಿರುವುದು ಅಲೆಯ ಆಕಾರದಲ್ಲಿ. ಚೌಕ ಅಲೆಯ ಇನ್ವರ್ಟರ್ ಅಗ್ಗವಾದರೂ ಅದರಲ್ಲಿ ಫ್ಯಾನು ಗುಂಯ್‌ಗುಡುತ್ತದೆ, ಮೋಟರು ಬಿಸಿಯಾಗುತ್ತದೆ, ಕೆಲವು ಗಣಕಯಂತ್ರಗಳ ಪವರ್ ಸಪ್ಲೈ ತಕರಾರು ಮಾಡುತ್ತದೆ. ಸೈನ್ ವೇವ್ ಇನ್ವರ್ಟರಿನ ಅಲೆಯು ಬೆಸ್ಕಾಂ ತಂತಿಯ ಅಲೆಯನ್ನೇ ಹೋಲುತ್ತದೆ. ಬೆಲೆಯ ಅಂತರ ಈಗ ಬಹಳ ಇಲ್ಲದ ಕಾರಣ ಹೊಸದಾಗಿ ಚೌಕ ಅಲೆಯದನ್ನು ಕೊಳ್ಳಲು ಕಾರಣವೇ ಉಳಿದಿಲ್ಲ.

ಸಾಮರ್ಥ್ಯದ ಲೆಕ್ಕ

ಪೆಟ್ಟಿಗೆಯ ಮೇಲೆ ಬರೆದಿರುವ ವಿಎ ಅಂಕಿಯು ವ್ಯಾಟ್ ಅಲ್ಲ. ಗಣಕಯಂತ್ರದ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ಹೊರಬಲ್ಲದು. ಅದರೊಳಗಿನ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಯು 150 ವ್ಯಾಟಿನ ಗಣಕಯಂತ್ರವನ್ನು ಸುಮಾರು 10ರಿಂದ 15 ನಿಮಿಷ ನಡೆಸುತ್ತದೆ. ಮಾಡಿದ ಕೆಲಸವನ್ನು ಉಳಿಸಿ ಯಂತ್ರವನ್ನು ಮುಚ್ಚಲು ಅಷ್ಟು ಸಾಕು. ಪರೀಕ್ಷೆಯ ಹಿಂದಿನ ರಾತ್ರಿ ಅದನ್ನೇ ನಂಬಿ ಕೂರಲಾಗದು.

ಇಡೀ ಮನೆಗಾದರೆ, 9 ವ್ಯಾಟಿನ ಮೂರು ಎಲ್‌ಇಡಿ ಬಲ್ಬು, 75 ವ್ಯಾಟಿನ ಎರಡು ಫ್ಯಾನು, 60 ವ್ಯಾಟಿನ ಟಿವಿ, 12 ವ್ಯಾಟಿನ ರೂಟರ್ ಎಂದಿಟ್ಟುಕೊಂಡರೆ ಒಟ್ಟು ಹೊರೆ 249 ವ್ಯಾಟ್. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿರುವುದು 1,800 ವ್ಯಾಟ್-ಅವರ್. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 7 ಗಂಟೆಗೂ ಮಿಗಿಲಾದ ಉತ್ತರ ಬರುತ್ತದೆ. ಅಂಗಡಿಯ ಕಟ್ಟೆಯ ಮೇಲೆ ಕೇಳಿಸುವ ಉತ್ತರ ಅನೇಕ ವೇಳೆ ಇದೇ. ಆದರೆ ಸೀಸ-ಆಮ್ಲದ ಬ್ಯಾಟರಿಯನ್ನು ತಳ ಕಾಣುವವರೆಗೆ ಬಳಸಿದರೆ ಅದರ ಆಯುಸ್ಸು ಕುಗ್ಗುತ್ತದೆ. ಮುಕ್ಕಾಲು ಭಾಗ ಬಳಸುವುದನ್ನು ಮಿತಿ ಎಂದು ಹಿಡಿಯಬಹುದು. ಇನ್ವರ್ಟರಿನ ಪರಿವರ್ತನೆಯಲ್ಲೂ ಶೇಕಡಾ 15ರಷ್ಟು ಸೋರುತ್ತದೆ. ಎರಡನ್ನೂ ಕಳೆದರೆ ಕೈಗೆ ಸಿಗುವುದು ಸುಮಾರು 1,150 ವ್ಯಾಟ್-ಅವರ್, ಅಂದರೆ ನಾಲ್ಕೂವರೆ ಗಂಟೆ. ಬ್ಯಾಟರಿಯ ಮೇಲೆ ನಮೂದಿಸಿದ ಸಾಮರ್ಥ್ಯವು 20 ಗಂಟೆಗಳ ಕಾಲ ನಿಧಾನವಾಗಿ ಬಳಸಿದಾಗಿನದು ಎಂಬುದೂ ಗಮನಾರ್ಹ. ಹೊರೆ ಹೆಚ್ಚಿದಷ್ಟೂ ಆ ಸಾಮರ್ಥ್ಯವೇ ಕಡಿಮೆಯಾಗುತ್ತದೆ.

ಇದೇ ಮನೆಯಲ್ಲಿ ಹಳೆಯ ಫ್ಯಾನುಗಳ ಬದಲು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನುಗಳನ್ನು ಹಾಕಿದರೆ ಹೊರೆ 159 ವ್ಯಾಟಿಗೆ ಇಳಿದು, ಅದೇ ಬ್ಯಾಟರಿ ನಿಜವಾಗಿಯೂ 7 ಗಂಟೆ ಬರುತ್ತದೆ. ಎರಡನೆಯ ಬ್ಯಾಟರಿ ಕೊಳ್ಳುವ ಮುನ್ನ ಮಾಡಬೇಕಾದ ಯೋಚನೆಯಿದು.

ರೂಟರ್ ಒಂದನ್ನೇ ನಡೆಸಬೇಕಿದ್ದರೆ ಇನ್ವರ್ಟರ್ ಬೇಕಾಗಿಲ್ಲ. 12 ವೋಲ್ಟಿನ ನೇರ ವಿದ್ಯುತ್ತನ್ನೇ ಕೊಡುವ ಅಂಗೈಯಗಲದ ಮಿನಿ ಯುಪಿಎಸ್‌ಗಳು ದೊರೆಯುತ್ತವೆ. ಅಡಾಪ್ಟರಿನ ಮೇಲಿನ ವೋಲ್ಟ್ ಮತ್ತು ಆಂಪಿಯರ್ ಅಂಕಿಗಳು ತಾಳೆಯಾಗಬೇಕು, ಅಷ್ಟೆ. ರೆಫ್ರಿಜರೇಟರ್, ನೀರಿನ ಮೋಟರು, ಮಿಕ್ಸಿಗಳು ಶುರುವಾಗುವ ಕ್ಷಣದಲ್ಲಿ ತಮ್ಮ ನಿತ್ಯದ ಹೊರೆಯ ಹಲವು ಪಟ್ಟು ವಿದ್ಯುತ್ ಎಳೆಯುವುದರಿಂದ ಅವನ್ನು ಸಾಧಾರಣ ಇನ್ವರ್ಟರಿಗೆ ಜೋಡಿಸುವುದಿಲ್ಲ.

ತುಂಬುವ ಸಮಸ್ಯೆ

ಮುಕ್ಕಾಲು ಖಾಲಿಯಾದ 150 ಆಂಪಿಯರ್-ಅವರ್ ಬ್ಯಾಟರಿಯನ್ನು 12 ಆಂಪಿಯರಿನಲ್ಲಿ ತುಂಬಲು 10ರಿಂದ 12 ಗಂಟೆ ಬೇಕು. ದಿನಕ್ಕೆ ಅಷ್ಟು ಹೊತ್ತು ಸರಿಯಾದ ಕರೆಂಟು ಇಲ್ಲದ ಕಡೆ ಬ್ಯಾಟರಿಯು ಅರೆಹೊಟ್ಟೆಯಲ್ಲೇ ಮತ್ತೆ ದುಡಿಯತೊಡಗುತ್ತದೆ. ಹೀಗೆ ದಿನಗಟ್ಟಲೆ ಪೂರ್ತಿ ತುಂಬದೆ ಉಳಿದ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಸಾಮರ್ಥ್ಯ ಶಾಶ್ವತವಾಗಿ ಕುಂದುತ್ತದೆ. ಇಂಥ ಮನೆಯವರು ಬ್ಯಾಟರಿ ಸಾಲದೆಂದು ಇನ್ನೂ ದೊಡ್ಡದನ್ನು ತಂದರೆ ಅದು ಇನ್ನೂ ನಿಧಾನವಾಗಿ ತುಂಬಿ, ಮೊದಲಿನದಕ್ಕಿಂತ ಬೇಗ ಹಾಳಾಗಬಹುದು.

ವೋಲ್ಟೇಜಿನ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದುದು. ಬಹುತೇಕ ಇನ್ವರ್ಟರುಗಳ ಹಿಂಬದಿಯಲ್ಲೋ ಮುಂಬದಿಯಲ್ಲೋ ‘ಯುಪಿಎಸ್’ ಮತ್ತು ‘ನಾರ್ಮಲ್’ ಎಂಬ ಎರಡು ಸ್ಥಿತಿಗಳ ಸ್ವಿಚ್ ಇರುತ್ತದೆ. ಯುಪಿಎಸ್ ಸ್ಥಿತಿಯಲ್ಲಿ ಸಾಧನವು ಸುಮಾರು 180ರಿಂದ 260 ವೋಲ್ಟಿನವರೆಗಿನ ಕರೆಂಟನ್ನು ಮಾತ್ರ ಒಪ್ಪುತ್ತದೆ. ಪಂಪ್‌ಸೆಟ್ಟುಗಳ ಹೊತ್ತಿನಲ್ಲಿ ತಂತಿಯ ವೋಲ್ಟೇಜು 160ಕ್ಕೆ ಇಳಿದರೆ ಅದು ಕರೆಂಟೇ ಇಲ್ಲವೆಂದು ಭಾವಿಸಿ ಬ್ಯಾಟರಿಯಿಂದ ನಡೆಸತೊಡಗುತ್ತದೆ. ಪಕ್ಕದ ಮನೆಯಲ್ಲಿ ದೀಪ ಉರಿಯುತ್ತಿದ್ದರೂ ಈ ಮನೆಯ ಬ್ಯಾಟರಿ ಕರಗುತ್ತಿರುತ್ತದೆ! ನಾರ್ಮಲ್ ಸ್ಥಿತಿಯಲ್ಲಿ ಸುಮಾರು 100ರಿಂದ 290 ವೋಲ್ಟಿನವರೆಗೆ ಒಪ್ಪುವುದರಿಂದ ಬ್ಯಾಟರಿ ತುಂಬುತ್ತಿರುತ್ತದೆ. ಆದರೆ ಉಪಕರಣಗಳಿಗೂ ಅದೇ ಏರುಪೇರಿನ ವೋಲ್ಟೇಜು ಹೋಗುತ್ತದೆ, ಹೊರಳುವ ಅವಧಿಯೂ ಹೆಚ್ಚು. ಈಗಿನ ಎಲ್‌ಇಡಿ ದೀಪ, ಟಿವಿ, ಮೊಬೈಲ್ ಚಾರ್ಜರ್‌ಗಳು ಕಡಿಮೆ ವೋಲ್ಟೇಜನ್ನು ತಾಳಿಕೊಳ್ಳುವುದರಿಂದ, ತೋಟದ ಮನೆಯಲ್ಲಿ ನಾರ್ಮಲ್ ಸ್ಥಿತಿಯೇ ಮೇಲು. ಗಣಕಯಂತ್ರವಿದ್ದರೆ ಅದಕ್ಕೆ ಪ್ರತ್ಯೇಕ ಲೈನ್ ಇಂಟರ್‌ಆ್ಯಕ್ಟಿವ್ ಯುಪಿಎಸ್ ಇಡಬಹುದು. ಕೊಳ್ಳುವ ಮುನ್ನ ಒಂದು ವಾರ, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮಲ್ಟಿಮೀಟರಿನಲ್ಲಿ ವೋಲ್ಟೇಜು ನೋಡಿ ಬರೆದಿಡುವುದು ಯಾವ ಜಾಹೀರಾತಿಗಿಂತಲೂ ಉಪಯುಕ್ತ. ವೋಲ್ಟೇಜು ಸತತವಾಗಿ ಕಡಿಮೆಯಿದ್ದರೆ ಬೆಸ್ಕಾಂನ 1912 ಸಹಾಯವಾಣಿಗೆ ದೂರು ನೀಡಬಹುದು.

ಸೌರಫಲಕವು ಈ ತೊಡಕಿಗೆ ಬಯಲುಸೀಮೆಯಲ್ಲಿ ಸಹಜವಾದ ಪರಿಹಾರ. 150 ವ್ಯಾಟಿನ ಒಂದು ಫಲಕವು ಬಿಸಿಲಿನ ದಿನ ಸುಮಾರು 600 ವ್ಯಾಟ್-ಅವರ್ ಒದಗಿಸುತ್ತದೆ. ಚಾರ್ಜ್ ಕಂಟ್ರೋಲರ್ ಮೂಲಕ ಅದನ್ನು ಈಗಿರುವ ಬ್ಯಾಟರಿಗೇ ಜೋಡಿಸಬಹುದು. ಇಲ್ಲೊಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಡಿ ಸಾಮಾನ್ಯವಾಗಿ ಅಳವಡಿಸುವ, ಬ್ಯಾಟರಿಯಿಲ್ಲದ ಜಾಲಸಂಪರ್ಕಿತ ವ್ಯವಸ್ಥೆಯು ಕರೆಂಟು ಹೋದಾಗ ತಾನೂ ನಿಲ್ಲುತ್ತದೆ. ಕಂಬದ ಮೇಲೆ ದುರಸ್ತಿ ಮಾಡುತ್ತಿರುವ ಲೈನ್‌ಮನ್‌ನ ಸುರಕ್ಷತೆಗಾಗಿ ಅದನ್ನು ಹಾಗೆಯೇ ರೂಪಿಸಲಾಗಿದೆ. ಬಿಲ್ಲು ಇಳಿಸುವುದು ಅದರ ಕೆಲಸ. ಕತ್ತಲೆಯಲ್ಲಿ ದೀಪ ಹಚ್ಚಲು ಬ್ಯಾಟರಿ ಬೇಕೇ ಬೇಕು.

ಬ್ಯಾಟರಿಯ ಆಯ್ಕೆ

ದೀರ್ಘ ಕಡಿತಗಳಿರುವ ಕಡೆ ಚಪ್ಪಟೆ ಫಲಕದ ಬ್ಯಾಟರಿಗಿಂತ ಟ್ಯೂಬ್ಯುಲರ್ ಬ್ಯಾಟರಿ ಹೆಚ್ಚು ಬಾಳುತ್ತದೆ. ನೀರು ಹಾಕಬೇಕಿಲ್ಲದ ಮುಚ್ಚಿದ ಬ್ಯಾಟರಿಗಳು ಸಣ್ಣ ಯುಪಿಎಸ್‌ಗೆ ಸರಿ. ಸೆಕೆಗೆ ಅವು ಬೇಗ ಸೋಲುತ್ತವೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯು ದುಬಾರಿಯಾದರೂ ಬೇಗ ತುಂಬುತ್ತದೆ, ಹೆಚ್ಚು ಆಳದವರೆಗೆ ಬಳಸಿದರೂ ಸಹಿಸುತ್ತದೆ, ಅರೆಬರೆ ತುಂಬಿದರೂ ಅದಕ್ಕೆ ಸಲ್ಫೇಟಿನ ಕಾಟವಿಲ್ಲ. ಕರೆಂಟು ಬಂದು ಹೋಗುವ ಊರಿಗೆ ಇದು ಹೇಳಿ ಮಾಡಿಸಿದಂತಿದ್ದರೂ ಇನ್ವರ್ಟರು ಲಿಥಿಯಂಗೆ ತಕ್ಕ ಚಾರ್ಜಿಂಗ್ ವ್ಯವಸ್ಥೆ ಹೊಂದಿರಲೇಬೇಕು.

ಬ್ಯಾಟರಿಯ ನಷ್ಟವು ಮೀಟರಿನಲ್ಲೂ ಕಾಣಿಸುತ್ತದೆ. ಸೀಸ-ಆಮ್ಲದ ಬ್ಯಾಟರಿಯಿಂದ 1,150 ವ್ಯಾಟ್-ಅವರ್ ಪಡೆಯಲು ಗೋಡೆಯಿಂದ ಸುಮಾರು 2 ಯೂನಿಟ್ ಎಳೆಯಬೇಕಾಗುತ್ತದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಫಲಾನುಭವಿಗಳು ಉಚಿತ ಮಿತಿಯ ಲೆಕ್ಕದಲ್ಲಿ ಇದನ್ನೂ ಸೇರಿಸಿಕೊಳ್ಳಬೇಕು.

ಸ್ಥಳ, ನಿರ್ವಹಣೆ ಮತ್ತು ಅಪಾಯ

ತಾಪಮಾನ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಸೀಸ-ಆಮ್ಲದ ಬ್ಯಾಟರಿಯ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ತಂತ್ರಜ್ಞರ ಸ್ಥೂಲ ನಿಯಮ. ಏಪ್ರಿಲ್‌ನ ಬಿಸಿಲಿಗೆ ಕಾದ ಶೀಟಿನ ಮಾಡಿನಡಿ ಇಟ್ಟ ಬ್ಯಾಟರಿಯು ನೆಲಮನೆಯ ತಣ್ಣನೆಯ ಮೂಲೆಯಲ್ಲಿಟ್ಟ ಬ್ಯಾಟರಿಯಷ್ಟು ಬಾಳುವುದಿಲ್ಲ. ತುಂಬುವಾಗ ಹೊರಬರುವ ಜಲಜನಕವು ಗಾಳಿಯಲ್ಲಿ ಶೇಕಡಾ 4 ಮೀರಿದರೆ ಕಿಡಿ ತಾಗಿ ಸ್ಫೋಟಿಸಬಲ್ಲದು. ಆದ್ದರಿಂದ ಮುಚ್ಚಿದ ಕಪಾಟು, ಅಡುಗೆಮನೆ, ದೀಪ ಹಚ್ಚುವ ದೇವರಮನೆ ಬ್ಯಾಟರಿಗೆ ತಕ್ಕ ಜಾಗಗಳಲ್ಲ. ಟರ್ಮಿನಲ್ ಬಿಗಿಮಾಡುವಾಗ ಕೈಯ ಬಳೆ, ಉಂಗುರ ತೆಗೆದಿಡಬೇಕು.

ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ನೋಡಿ, ಇಳಿದಿದ್ದರೆ ಬಟ್ಟಿ ಇಳಿಸಿದ ನೀರನ್ನು ಮಾತ್ರ ಹಾಕಬೇಕು. ಜಿಲ್ಲೆಯ ಕೊಳವೆಬಾವಿಗಳ ಗಡಸು ನೀರಿನ ಲವಣಗಳು ಫಲಕಗಳನ್ನು ಕೆಡಿಸುತ್ತವೆ. ಶುದ್ಧ ಕುಡಿಯುವ ನೀರಿನ ಘಟಕದ ನೀರು ಬಾಯಿಗೆ ಸಿಹಿಯಾಗಿದ್ದರೂ ಬಟ್ಟಿ ಇಳಿಸಿದ ನೀರಲ್ಲ. ಆಮ್ಲವನ್ನು ಮನೆಯಲ್ಲಿ ಎಂದೂ ಸೇರಿಸಬಾರದು.

ಒಣ ಕಲ್ಲುನೆಲದಲ್ಲಿ ಅರ್ಥಿಂಗ್ ದುರ್ಬಲವಾಗಿರುತ್ತದೆ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ಆಗಾಗ ನೀರೆರೆಯುವ ಹಳೆಯ ರೂಢಿಗೆ ವೈಜ್ಞಾನಿಕ ಆಧಾರವಿದೆ. ಮುಂಗಾರಿಗೆ ಮುನ್ನ ಗುಡುಗು ಸಿಡಿಲಿನ ಮಳೆ ಬಂದಾಗ ಯಾವ ಯುಪಿಎಸ್ಸೂ ನೇರ ಸಿಡಿಲನ್ನು ತಡೆಯಲಾರದು, ಪ್ಲಗ್ಗುಗಳನ್ನು ಕಳಚುವುದೇ ಉಪಾಯ. ಇನ್ವರ್ಟರಿನ ಔಟ್‌ಪುಟ್ ತಂತಿಯನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚಿ ಮನೆಯೆಲ್ಲ ಬೆಳಗಿಸುವುದು ಅತ್ಯಂತ ಅಪಾಯಕಾರಿ. ವಿದ್ಯುತ್ತು ಹಿಮ್ಮುಖವಾಗಿ ಕಂಬಕ್ಕೆ ಹರಿದು, ಅಲ್ಲಿ ಕೆಲಸ ಮಾಡುತ್ತಿರುವವರ ಜೀವಕ್ಕೆ ಎರವಾಗಬಹುದು. ಇನ್ವರ್ಟರಿನ ಸಾಲನ್ನು ಪರವಾನಗಿ ಪಡೆದ ವೈರಿಂಗ್ ಗುತ್ತಿಗೆದಾರರಿಂದಲೇ ಪ್ರತ್ಯೇಕವಾಗಿ ಎಳೆಸಬೇಕು.

ಹಳೆಯ ಬ್ಯಾಟರಿ

ಬ್ಯಾಟರಿಯ ತೂಕದ ಅರ್ಧಕ್ಕೂ ಹೆಚ್ಚು ಭಾಗ ಸೀಸ. ಅದಕ್ಕೆ ಬೆಲೆಯಿರುವುದರಿಂದ ಅಂಗಡಿಗಳು ಹಳೆಯದನ್ನು ಪಡೆದು ಹೊಸದರ ದರದಲ್ಲಿ ಕಡಿಮೆ ಮಾಡಿಕೊಡುತ್ತವೆ. ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರ ಪ್ರಕಾರ ಬಳಸಿದ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಒಪ್ಪಿಸುವ ಹೊಣೆ ಉತ್ಪಾದಕರದು; ಬಳಕೆದಾರರು ಅದನ್ನು ಮನೆಯ ಕಸದೊಂದಿಗೆ ಬೆರೆಸುವಂತಿಲ್ಲ. ಗುಜರಿಗೆ ಹಾಕಿದ ಬ್ಯಾಟರಿಯನ್ನು ಬಯಲಿನಲ್ಲಿ ಒಡೆದು ಸೀಸ ಕರಗಿಸಿದರೆ ಅದರ ಹೊಗೆ ಮತ್ತು ಧೂಳು ಸುತ್ತಲಿನ ಮಣ್ಣನ್ನು ಸೇರುತ್ತವೆ. ಆ ಮಣ್ಣಿನಲ್ಲಿ ಆಡುವ ಮಕ್ಕಳ ರಕ್ತಕ್ಕೆ ಸೀಸ ಸೇರಿ ಮಿದುಳಿನ ಬೆಳವಣಿಗೆಗೆ ಹಾನಿಯಾಗುತ್ತದೆ.