ಶರಣಾದ ಮೇಲೆ ಬಿದ್ದ ಕಲ್ಲು

ಏತದಲ್ಲಿ ನೀರೆತ್ತಿದವರಿಗೆ ಟ್ರೆಬುಶೆ ಎಂಬ ಹಳೆಯ ಯುದ್ಧಯಂತ್ರವನ್ನು ವಿವರಿಸುವುದು ಕಷ್ಟವಲ್ಲ. ನೆಟ್ಟ ಕಂಬಗಳ ಮೇಲೆ ಮೇಲಕ್ಕೂ ಕೆಳಕ್ಕೂ ಆಡುವ ಒಂದು ಉದ್ದನೆಯ ಮರ. ಅದರ ಗಿಡ್ಡ ತುದಿಗೆ ಭಾರ. ಉದ್ದ ತುದಿಗೆ ಏತದಲ್ಲಾದರೆ ಕೊಡ ಕಟ್ಟುತ್ತೇವೆ, ಇಲ್ಲಿ ಕವಣೆ ಕಟ್ಟಿ ಅದರೊಳಗೆ ಕಲ್ಲಿಡುತ್ತಾರೆ. ಉದ್ದ ತುದಿಯನ್ನು ನೆಲಕ್ಕೆಳೆದು ಕೊಕ್ಕೆ ಹಾಕಬೇಕು. ಕೊಕ್ಕೆ ಬಿಡಿಸಿದೊಡನೆ ಭಾರ ಕುಸಿಯುತ್ತದೆ, ಮರ ಮೇಲಕ್ಕೆ ಚಿಮ್ಮುತ್ತದೆ, ಕವಣೆ ಬೀಸಿಕೊಂಡು ಕಲ್ಲು ಹಾರುತ್ತದೆ. ಹೊಲದಲ್ಲಿ ಹಕ್ಕಿ ಓಡಿಸುವ ಕವಣೆಗೆ ಏತದ ಬಲ ಸೇರಿಸಿದ ಹಾಗೆ.

ಇದರ ಸಣ್ಣ ಮಾದರಿಯನ್ನು ಮನೆಯಲ್ಲೇ ಮರದ ತುಂಡುಗಳಿಂದ ಮಾಡಬಹುದು. ಹವ್ಯಾಸಿಗಳು ಬಳಸುವ ಅಂದಾಜು ಹೀಗಿದೆ: ಉದ್ದ ತೋಳು ಗಿಡ್ಡ ತೋಳಿನ ಸುಮಾರು 4 ಪಟ್ಟು, ಭಾರ ಎಸೆಯುವ ಕಲ್ಲಿನ ಸುಮಾರು 100 ಪಟ್ಟು. ಅಂದರೆ 50 ಗ್ರಾಂ ಕಲ್ಲಿಗೆ 5 ಕಿಲೋ ಭಾರ ಬೇಕು. ಹಾಗಿದ್ದರೆ ಕೋಟೆಯ ಗೋಡೆ ಒಡೆಯುವ ಕಲ್ಲಿಗೆ ಎಷ್ಟು ಭಾರ ಬೇಕಾದೀತು, ಅದನ್ನು ಎಲ್ಲಿಂದ ತರುವುದು?

1304ರಲ್ಲಿ ಇಂಗ್ಲೆಂಡಿನ ರಾಜ ಒಂದನೇ ಎಡ್ವರ್ಡ್ ಅದನ್ನು ಚರ್ಚುಗಳ ಚಾವಣಿಯಿಂದ ತರಿಸಿದ. ಸ್ಕಾಟ್ಲೆಂಡಿನ ಪ್ರಮುಖರು ಹೆಚ್ಚಿನವರು ಅಷ್ಟರಲ್ಲಿ ಅವನಿಗೆ ತಲೆಬಾಗಿದ್ದರು. ಫೋರ್ತ್ ನದಿಯ ದಾಟನ್ನು ಕಾಯುವ ಸ್ಟರ್ಲಿಂಗ್ ಕೋಟೆ ಮಾತ್ರ ಉಳಿದಿತ್ತು. ಸರ್ ವಿಲಿಯಂ ಆಲಿಫಂಟ್ ಎಂಬಾತ ಸಣ್ಣದೊಂದು ಪಡೆಯೊಂದಿಗೆ ಅದನ್ನು ಹಿಡಿದು ಕುಳಿತಿದ್ದ. ಏಪ್ರಿಲ್‌ನಲ್ಲಿ ಮುತ್ತಿಗೆ ಶುರುವಾಯಿತು. ಕಲ್ಲೆಸೆಯುವ ಯಂತ್ರಗಳು ಸಾಲಾಗಿ ನಿಂತವು. ಅವುಗಳ ಭಾರಕ್ಕೆಂದು ಸುತ್ತಲಿನ ಚರ್ಚುಗಳ ಸೀಸದ ಹೊದಿಕೆ ಕಿತ್ತು ತರಲು ಆಜ್ಞೆಯಾಯಿತು. ಪೂಜಾಪೀಠದ ಮೇಲಿನ ಭಾಗ ಮಾತ್ರ ಬಿಡಬೇಕೆಂದು ರಾಜ ರಿಯಾಯಿತಿ ಕೊಟ್ಟ.

ಇಷ್ಟು ಸಾಲದೆಂದು ಎಲ್ಲಕ್ಕಿಂತ ದೊಡ್ಡದೊಂದನ್ನು ಕಟ್ಟಲು ಹೇಳಿದ. ಐವರು ಮುಖ್ಯ ಬಡಗಿಗಳು, ಸುಮಾರು 50 ಕೆಲಸಗಾರರು ಅದಕ್ಕೆ ಹತ್ತಿದರು. ಯಂತ್ರಕ್ಕೆ 'ವಾರ್‌ವುಲ್ಫ್' ಎಂದು ಹೆಸರಿಟ್ಟರು, ಅಂದರೆ ಯುದ್ಧದ ತೋಳ. ರಾಣಿ ಮತ್ತು ಅವಳ ಸಖಿಯರು ಮುತ್ತಿಗೆಯನ್ನು ನೋಡಲೆಂದು ಊರೊಳಗಿನ ಮನೆಯೊಂದಕ್ಕೆ ಹೊಸ ಕಿಟಕಿಯನ್ನೂ ಮಾಡಿಸಲಾಗಿತ್ತು.

ಜುಲೈ 20ರ ಹೊತ್ತಿಗೆ ಕೋಟೆಯೊಳಗಿನವರು ಸೋತು, ಶರಣಾಗುತ್ತೇವೆ ಎಂದರು. ಮುತ್ತಿಗೆ ಅಲ್ಲಿಗೇ ಮುಗಿಯಬೇಕಿತ್ತು. ರಾಜ ಒಪ್ಪಲಿಲ್ಲ. ವಾರ್‌ವುಲ್ಫ್‌ನಿಂದ ಕೋಟೆಗೆ ಹೊಡೆಯುವ ತನಕ ತನ್ನ ಕಡೆಯವರು ಯಾರೂ ಒಳಗೆ ಕಾಲಿಡಕೂಡದು ಎಂದ. ಯಂತ್ರ ಕಲ್ಲೆಸೆಯಿತು. ಜುಲೈ 24ರಂದು ಆಲಿಫಂಟ್‌ನ ಶರಣಾಗತಿಯನ್ನು ಸ್ವೀಕರಿಸಿದರು. ಅವನನ್ನು ಲಂಡನ್ ಟವರಿನ ಸೆರೆಗೆ ಕಳಿಸಿದರು.

ಈ ಕಥೆಯನ್ನು ರಾಜನ ಹುಚ್ಚಾಟವೆಂದು ನಕ್ಕು ಬಿಡುವುದುಂಟು. ಆದರೆ ಒಳಗಿದ್ದವರ ಕಡೆಯಿಂದ ಯೋಚಿಸಿ ನೋಡಿ. ಅವರು ಆಯುಧ ಕೆಳಗಿಡಲು ಒಪ್ಪಿಯಾಗಿತ್ತು. ಅವರ ತಲೆಯ ಮೇಲೆ ಕಲ್ಲು ಬಿದ್ದದ್ದು ಯುದ್ಧ ಗೆಲ್ಲಲು ಅಲ್ಲ. ಇಷ್ಟು ದುಡ್ಡು, ಮರ, ದುಡಿಮೆ ಸುರಿದು ಕಟ್ಟಿದ ಯಂತ್ರ ಸುಮ್ಮನೆ ನಿಲ್ಲಬಾರದೆಂದು.

ಅಷ್ಟು ಮಾಡಿ ಪಡೆದ ಕೋಟೆ ಇಂಗ್ಲಿಷರಿಗೆ ದಕ್ಕಿದ್ದು 10 ವರ್ಷ. 1314ರ ಜೂನ್‌ನಲ್ಲಿ ಅದರ ಹತ್ತಿರವೇ ಬ್ಯಾನಕ್‌ಬರ್ನ್ ಕಾಳಗದಲ್ಲಿ ಎಡ್ವರ್ಡನ ಮಗ ಸೋತ. ಕೋಟೆ ಸ್ಕಾಟರ ದೊರೆ ರಾಬರ್ಟ್ ಬ್ರೂಸ್‌ನ ವಶವಾಯಿತು. ಮತ್ತೆ ಶತ್ರುಗಳಿಗೆ ಉಪಯೋಗಕ್ಕೆ ಬರಬಾರದೆಂದು ಅದರ ಗೋಡೆಗಳನ್ನು ಅವನೇ ಕೆಡವಿಸಿದ.